ಸರಿಯೋ ಬೆಸವೋ: ಡಿಸ್ಕ್ ಬದಲಿಸುವ ದಿನದ ಎಚ್ಚರ

ಚೆನ್ನೈನ ವೆಸ್ಟ್ ಮಾಂಬಲಂನ ಹಳೆಯ ಫ್ಲ್ಯಾಟುಗಳಲ್ಲಿ ಅಟ್ಟಕ್ಕೆ ವಿಶೇಷ ಮರ್ಯಾದೆ. ಇಲ್ಲಿನವರ ಬಾಯಲ್ಲಿ ಅದು ‘ಪರಣ್’. ನವರಾತ್ರಿಯ ಬೊಂಬೆಗಳು, ವರ್ಷಕ್ಕೊಮ್ಮೆ ಕೆಳಗಿಳಿಯುವ ಹಿತ್ತಾಳೆ ಪಾತ್ರೆಗಳು, ಅಜ್ಜಿಯ ಟ್ರಂಕು, ಎಲ್ಲಕ್ಕೂ ಅಲ್ಲೇ ಜಾಗ. 2015ರ ಡಿಸೆಂಬರ್ ಮೊದಲ ದಿನ ತಾಂಬರಂ ಕಡೆ 24 ಗಂಟೆಯಲ್ಲಿ 49 ಸೆಂಟಿಮೀಟರ್ ಮಳೆ ಹೊಯ್ದು, ಅಡ್ಯಾರು ನದಿ ದಡ ಮೀರಿ, ಈ ಕಡೆಯ ಬೀದಿಗಳಿಗೆಲ್ಲ ನೀರು ನುಗ್ಗಿತು. ನಮ್ಮ ಮನೆಯಲ್ಲಿ ಅಟ್ಟದ ಮೇಲಿದ್ದದ್ದೆಲ್ಲ ಉಳಿಯಿತು. ಬೀರುವಿನ ಕೆಳಗಿನ ಅರೆಯಲ್ಲಿದ್ದ ಮದುವೆ ಆಲ್ಬಂಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು. ಉಳಿದ ಫೋಟೊಗಳನ್ನಾದರೂ ಕಾಪಾಡೋಣವೆಂದು ಒಂದೊಂದಾಗಿ ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕ್‌ಗೆ ಹಾಕಿದ್ದು ಆಮೇಲೆ.

ಈಗ ಅದೇ ಅಟ್ಟದ ಮೂಲೆಯಲ್ಲಿ ಕಪ್ಪು ಡಬ್ಬವೊಂದು ಹಸಿರು ದೀಪ ಮಿಣುಕಿಸುತ್ತ ಕೂತಿದೆ. ಅದು ಮನೆಯ ಸ್ಟೋರೇಜ್ ಸರ್ವರ್. ಒಳಗೆ ನಾಲ್ಕು ಡಿಸ್ಕ್. ಮೂರರಲ್ಲಿ ಫೋಟೊ, ವಿಡಿಯೊ, ಸಂಗೀತ ಕಚೇರಿಗಳ ಧ್ವನಿಮುದ್ರಣ, ಮನೆಪತ್ರಗಳ ಸ್ಕ್ಯಾನು, ನಾಲ್ಕನೆಯದು ಪ್ಯಾರಿಟಿ. ಯಾವುದೇ ಒಂದು ಡಿಸ್ಕ್ ಕೆಟ್ಟರೂ ಅದರಲ್ಲಿದ್ದದ್ದನ್ನು ಉಳಿದ ಮೂರರಿಂದ ಮರಳಿ ಪಡೆಯಬಹುದು. ಆ ಧೈರ್ಯದ ಮೇಲೆ ಒಂದು ಭಾನುವಾರ, ತುಂಬಿಹೋಗಿದ್ದ 4 ಟೆರಾಬೈಟ್ ಡಿಸ್ಕ್ ತೆಗೆದು 8 ಟೆರಾಬೈಟಿನದನ್ನು ಕೂರಿಸಲು ಏಣಿ ಹತ್ತಿದೆ. ಹಳೆಯದನ್ನು ಎಳೆಯುವಾಗ ಪಕ್ಕದ ಡಿಸ್ಕ್‌ನ ಪವರ್ ಕೇಬಲ್‌ಗೆ ಕೈ ತಗಲಿದ್ದು ಗಮನಕ್ಕೆ ಬರಲಿಲ್ಲ. ಮತ್ತೆ ಚಾಲೂ ಮಾಡಿದಾಗ ಪರದೆಯ ಮೇಲೆ ಎರಡು ಡಿಸ್ಕ್ ನಾಪತ್ತೆ. ಒಂದು ಹೋದರೆ ಕಾಯುವ ವ್ಯವಸ್ಥೆ ಎರಡು ಹೋದರೆ ಕೈಚೆಲ್ಲುತ್ತದೆ. ಕೇಬಲ್ ಒತ್ತಿ ಕೂರಿಸಿದ ಮೇಲೆ ಎಲ್ಲ ಸರಿಹೋಯಿತಾದರೂ ಆ ಐದು ನಿಮಿಷ ಮರೆಯುವಂಥದ್ದಲ್ಲ.

ಡಿಸ್ಕ್ ತಾನಾಗಿ ಸಾಯುವ ಗಳಿಗೆಯನ್ನು ಪ್ಯಾರಿಟಿ ನೋಡಿಕೊಳ್ಳುತ್ತದೆ. ನಾವು ಕೈ ಹಾಕುವ ಗಳಿಗೆಯನ್ನು ನಾವೇ ನೋಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಒಂದು ಕ್ರಮ. ಆ ಕ್ರಮ ಯಾಕೆ ಹಾಗಿದೆ ಎಂದು ಒಮ್ಮೆ ತಿಳಿದರೆ ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಹುಣಸೆ ಬೀಜದ ಲೆಕ್ಕ

ಮುಷ್ಟಿಯಲ್ಲಿ ಹುಣಸೆ ಬೀಜ ಹಿಡಿದು ‘ಸರಿಯೋ ಬೆಸವೋ’ ಎಂದು ಕೇಳುವ ಆಟ ನೆನಪಿದೆಯೇ? ಪ್ಯಾರಿಟಿ ಎಂದರೆ ಅದೇ ಸರಿ-ಬೆಸ.

ಮೂರು ಮಕ್ಕಳು ಸಾಲಾಗಿ ಕೂತು ಮುಷ್ಟಿ ಮುಂದೆ ಚಾಚುತ್ತಾರೆ. ಪ್ರತಿ ಮುಷ್ಟಿಯಲ್ಲಿ ಒಂದು ಬೀಜ ಇರಬಹುದು, ಇಲ್ಲದೆಯೂ ಇರಬಹುದು. ನಾಲ್ಕನೆಯವನು ಕಾವಲುಗಾರ. ನಾಲ್ಕೂ ಮುಷ್ಟಿಗಳ ಒಟ್ಟು ಲೆಕ್ಕ ಯಾವಾಗಲೂ ಸರಿಸಂಖ್ಯೆ ಆಗುವಂತೆ ನೋಡಿಕೊಳ್ಳುವುದಷ್ಟೇ ಅವನ ಕೆಲಸ. ಮೂವರಲ್ಲೂ ಬೀಜವಿದ್ದರೆ ಮೂರಾಯಿತು, ಬೆಸ. ಅವನು ತನ್ನ ಕೈಗೆ ಒಂದು ತೆಗೆದುಕೊಳ್ಳುತ್ತಾನೆ. ಇಬ್ಬರಲ್ಲಿ ಮಾತ್ರ ಇದ್ದರೆ ಅವನ ಕೈ ಖಾಲಿ. ಈಗ ನಡುವಿನ ಮಗು ಎದ್ದು ಓಡಿಹೋಯಿತು ಎನ್ನಿ. ಅದರ ಕೈಯಲ್ಲಿ ಏನಿತ್ತು? ಉಳಿದ ಮೂರು ಮುಷ್ಟಿ ಬಿಡಿಸಿ ಎಣಿಸಿ. ಬೆಸ ಬಂದರೆ ಓಡಿಹೋದವನ ಕೈಯಲ್ಲಿ ಬೀಜವಿತ್ತು, ಸರಿ ಬಂದರೆ ಇರಲಿಲ್ಲ.

ಕಂಪ್ಯೂಟರಿನಲ್ಲಿ ಬೀಜ ಇದ್ದರೆ 1, ಇಲ್ಲದಿದ್ದರೆ 0. 8 ಟೆರಾಬೈಟಿನ ಡಿಸ್ಕ್‌ನಲ್ಲಿ ಇಂಥ ಮುಷ್ಟಿಗಳು ಸುಮಾರು 64 ಲಕ್ಷ ಕೋಟಿ. ಪ್ರತಿ ಸ್ಥಾನದಲ್ಲೂ ಇದೇ ಲೆಕ್ಕ. ಅಗ್ಗದ ಡಿಸ್ಕ್‌ಗಳನ್ನು ಜೊತೆಗೂಡಿಸಿ, ಇಂಥ ಲೆಕ್ಕದಿಂದ ಕಾಯುವ ಬಗೆಗಳನ್ನು ವರ್ಗೀಕರಿಸಿ ‘ರೇಡ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಅವರ 1988ರ ಪ್ರಬಂಧ. ಮನೆಬಳಕೆಯ ಅನ್‌ರೇಡ್, ಸ್ನ್ಯಾಪ್‌ರೇಡ್‌ನಂಥ ವ್ಯವಸ್ಥೆಗಳು ಲೆಕ್ಕಕ್ಕೆಂದೇ ಪ್ರತ್ಯೇಕ ಡಿಸ್ಕ್ ಇಟ್ಟು, ಬೇರೆ ಬೇರೆ ಅಳತೆಯ ಡಿಸ್ಕ್‌ಗಳನ್ನು ಬೆರೆಸಲು ಬಿಡುತ್ತವೆ. ಈ ಬರಹ ಮುಖ್ಯವಾಗಿ ಅನ್‌ರೇಡ್ ರೀತಿಯ ಡಬ್ಬವನ್ನು ಮನಸ್ಸಿನಲ್ಲಿಟ್ಟುಕೊಂಡಿದೆ.

ಈ ಆಟದಿಂದಲೇ ಎಲ್ಲ ನಿಯಮಗಳೂ ಹೊರಡುತ್ತವೆ. ಕಾವಲುಗಾರನ ಸಾಲು ಎಲ್ಲರಿಗಿಂತ ಉದ್ದದ ಸಾಲಿನಷ್ಟಾದರೂ ಉದ್ದವಿರಬೇಕು, ಇಲ್ಲದಿದ್ದರೆ ಕೊನೆಯ ಮುಷ್ಟಿಗಳನ್ನು ಎಣಿಸುವವರಿಲ್ಲ. ಹಾಗಾಗಿ ಪ್ಯಾರಿಟಿ ಡಿಸ್ಕ್‌ಗಿಂತ ದೊಡ್ಡ ಡೇಟಾ ಡಿಸ್ಕ್ ಹಾಕಲು ವ್ಯವಸ್ಥೆ ಒಪ್ಪುವುದಿಲ್ಲ. ಹೊಸ ಮಗುವೊಂದು ಆಟಕ್ಕೆ ಸೇರುವುದಾದರೆ ಖಾಲಿ ಕೈಯಲ್ಲಿ ಬರಬೇಕು; ಆಗ ಒಟ್ಟು ಲೆಕ್ಕ ಬದಲಾಗುವುದಿಲ್ಲ. ಹೆಚ್ಚುವರಿ ಡಿಸ್ಕ್ ಸೇರಿಸುವಾಗ ಅದರ ತುದಿಯಿಂದ ತುದಿಗೆ ಸೊನ್ನೆ ಬರೆಯುವ ‘ಕ್ಲಿಯರ್’ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುವುದು ಇದಕ್ಕೇ. ಇರುವ ಡಿಸ್ಕ್‌ನ ಜಾಗಕ್ಕೆ ಬೇರೊಂದನ್ನು ಹಾಕುವಾಗ ಇದು ಬೇಡ, ಏಕೆಂದರೆ ಅಲ್ಲಿ ಪ್ರತಿ ಸ್ಥಾನವನ್ನೂ ವ್ಯವಸ್ಥೆ ಲೆಕ್ಕ ನೋಡಿ ಹೊಸದಾಗಿ ತುಂಬುತ್ತದೆ. ಮತ್ತೆ, ಒಬ್ಬನೇ ಕಾವಲುಗಾರ ಇರುವಾಗ ಇಬ್ಬರು ಏಕಕಾಲಕ್ಕೆ ಓಡಿಹೋದರೆ ಲೆಕ್ಕ ಬಿಡಿಸಲಾಗದು. ಒಂದು ಸಲಕ್ಕೆ ಒಂದೇ ಡಿಸ್ಕ್ ಎಂಬ ಮಾತು ಇಲ್ಲಿಂದ ಬಂತು. ಎರಡನೆಯ ಪ್ಯಾರಿಟಿ ಡಿಸ್ಕ್ ಇಟ್ಟರೆ ಎರಡು ಸಾವನ್ನೂ ತಡೆಯಬಹುದು. ಅದರ ಗಣಿತ ಬೇರೆ. ಯಾವ ಡಿಸ್ಕ್ ಯಾವ ಸ್ಥಾನದಲ್ಲಿ ಕೂತಿದೆ ಎಂಬುದೂ ಅದಕ್ಕೆ ಮುಖ್ಯ.

ದೊಡ್ಡದಕ್ಕೆ ಮೊದಲ ಕುರ್ಚಿ

ಜಾಗ ಸಾಲದೆ ದೊಡ್ಡ ಡಿಸ್ಕ್ ತಂದಾಗ ಮೊದಲು ಎಲ್ಲಿ ಕೂರಿಸಬೇಕು? ಪ್ಯಾರಿಟಿ 8 ಟೆರಾಬೈಟಿನದು, ತಂದದ್ದು 16 ಟೆರಾಬೈಟಿನದು ಎಂದಾದರೆ ಉತ್ತರ ಒಂದೇ: ಪ್ಯಾರಿಟಿಯ ಜಾಗಕ್ಕೆ. ಅಲ್ಲಿಂದ ಬಿಡುವಾದ 8 ಟೆರಾಬೈಟ್ ಡಿಸ್ಕ್ ಆಮೇಲೆ ಹಳೆಯ 4 ಟೆರಾಬೈಟಿನ ಜಾಗಕ್ಕೆ ಹೋಗುತ್ತದೆ. ಇಷ್ಟು ಖರ್ಚು ಮಾಡಿಯೂ ಸಿಕ್ಕಿದ್ದು 4 ಟೆರಾಬೈಟೇ ಎಂದು ಮೊದಲ ಸಲ ಹೊಟ್ಟೆ ಉರಿಯುತ್ತದೆ. ಮುಂದಿನ ಸಲ ತರುವ 16 ಟೆರಾಬೈಟ್ ಪೂರ್ತಿ ದಕ್ಕುತ್ತದೆ.

ಹೊಸ ಪ್ಯಾರಿಟಿ ಕಟ್ಟುವಾಗ ವ್ಯವಸ್ಥೆ ಎಲ್ಲ ಡೇಟಾ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಸೆಕೆಂಡಿಗೆ ಸರಾಸರಿ 180 ಮೆಗಾಬೈಟ್ ವೇಗದಲ್ಲಿ 16 ಟೆರಾಬೈಟ್ ಮುಗಿಯಲು ಸುಮಾರು 25 ಗಂಟೆ ಬೇಕು. ಅಷ್ಟು ಹೊತ್ತು ಹೊಸ ಕಾವಲುಗಾರ ಇನ್ನೂ ಎಣಿಸುತ್ತಿರುತ್ತಾನೆ. ಆ ಅವಧಿಯಲ್ಲಿ ಸರ್ವರ್‌ಗೆ ಏನನ್ನೂ ಬರೆಯದೆ ಇದ್ದರೆ ಹಳೆಯ ಪ್ಯಾರಿಟಿ ಡಿಸ್ಕ್‌ನ ಲೆಕ್ಕ ಹಾಗೇ ಊರ್ಜಿತ. ನಡುವೆ ಏನಾದರೂ ಕೆಟ್ಟರೆ ಅದರಿಂದ ಹಿಂದಿರುಗುವ ದಾರಿ ಇರುತ್ತದೆ. ಹಾಗಾಗಿ ಅದನ್ನು ತೆಗೆದ ತಕ್ಷಣ ಬೇರೆ ಕೆಲಸಕ್ಕೆ ಹಚ್ಚಬಾರದು.

ಇನ್ನೊಂದು ಇಕ್ಕಟ್ಟು ಹೀಗೆ ಬರುತ್ತದೆ. 4 ಟೆರಾಬೈಟಿನ ಡೇಟಾ ಡಿಸ್ಕ್ ಸತ್ತಿದೆ, ಕೈಯಲ್ಲಿರುವುದು 16 ಟೆರಾಬೈಟಿನದು, ಪ್ಯಾರಿಟಿ 8ರದು. ಸತ್ತ ಡಿಸ್ಕ್‌ನ ಜಾಗಕ್ಕೆ 16 ಹಾಕುವಂತಿಲ್ಲ, ಅದು ಕಾವಲುಗಾರನಿಗಿಂತ ಉದ್ದ. ಅದನ್ನೇ ಪ್ಯಾರಿಟಿಯಾಗಿಟ್ಟು ಹೊಸದಾಗಿ ಲೆಕ್ಕ ಕಟ್ಟಲೂ ಆಗದು, ಏಕೆಂದರೆ ಎಣಿಸಲು ಒಂದು ಮುಷ್ಟಿಯೇ ಇಲ್ಲ. ಇದಕ್ಕೆ ಅನ್‌ರೇಡ್‌ನಲ್ಲಿ ‘ಪ್ಯಾರಿಟಿ ಸ್ವಾಪ್’ ಎಂಬ ಕುರ್ಚಿ ಬದಲಾವಣೆಯಿದೆ. ಹಳೆಯ ಪ್ಯಾರಿಟಿಯ ಲೆಕ್ಕವನ್ನು ಇದ್ದಂತೆಯೇ ದೊಡ್ಡ ಡಿಸ್ಕ್‌ಗೆ ನಕಲು ಮಾಡುವುದು ಮೊದಲ ಹೆಜ್ಜೆ. ಬಿಡುವಾದ 8 ಟೆರಾಬೈಟಿನ ಮೇಲೆ ಸತ್ತ ಡಿಸ್ಕನ್ನು ಮರುಕಟ್ಟುವುದು ಎರಡನೆಯದು. ನಕಲು ಮುಗಿಯುವವರೆಗೆ ಸರ್ವರ್ ಬಳಕೆಗೆ ಸಿಗುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು, ಧಾರಾವಾಹಿ ನೋಡುವವರಿಗಂತೂ ಖಂಡಿತ.

ರೇಡ್ 5, ಜ಼ೆಡ್‌ಎಫ್‌ಎಸ್ ಇರುವ ಡಬ್ಬಗಳಲ್ಲಿ ಲೆಕ್ಕವೂ ಕಡತಗಳೂ ಎಲ್ಲ ಡಿಸ್ಕ್‌ಗಳ ಮೇಲೆ ಹರಡಿರುತ್ತವೆ. ಅಲ್ಲಿ ಸಾಮಾನ್ಯವಾಗಿ ಗುಂಪಿನ ಎಲ್ಲ ಡಿಸ್ಕ್‌ಗಳನ್ನೂ ಒಂದೊಂದಾಗಿ ದೊಡ್ಡದಕ್ಕೆ ಬದಲಿಸಿ ಮುಗಿಸಿದ ಮೇಲೆಯೇ ಹೆಚ್ಚಿನ ಜಾಗ ಕಾಣುವುದು. ಜ಼ೆಡ್‌ಎಫ್‌ಎಸ್‌ನ ಇಂಥ ಗುಂಪಿಗೆ ಒಂದೇ ಡಿಸ್ಕ್ ಹೊಸದಾಗಿ ಸೇರಿಸುವ ಸೌಲಭ್ಯ ಬಂದದ್ದು 2025ರ ಜನವರಿಯಲ್ಲಿ, ಓಪನ್ ಜ಼ೆಡ್‌ಎಫ್‌ಎಸ್ 2.3ರಲ್ಲಿ. ಜ಼ೆಡ್‌ಎಫ್‌ಎಸ್‌ನ ಒಂದು ಗುಣವನ್ನು ಮೆಚ್ಚಲೇಬೇಕು: ಖಾಲಿ ಕಿಂಡಿಯಿದ್ದರೆ ಹಳೆಯ ಡಿಸ್ಕ್ ತೆಗೆಯದೆಯೇ ಹೊಸದನ್ನು ಪಕ್ಕದಲ್ಲಿ ಜೋಡಿಸಿ ಬದಲಿಸಬಹುದು.

ಕೆಂಪು ಗುರುತು ಕಂಡಾಗ

ಪರದೆಯ ಮೇಲೆ ಡಿಸ್ಕ್ ಎದುರು ಕೆಂಪು ಗುರುತು ಕಂಡರೆ ಎದೆ ಧಸಕ್ಕೆನ್ನುತ್ತದೆ. ಆ ಗುರುತಿನ ಅರ್ಥ ಇಷ್ಟೇ: ಅಲ್ಲಿ ಬರೆಯಲು ಹೋದಾಗ ಬರೆಯಲಾಗಲಿಲ್ಲ. ಕಾರಣ ಡಿಸ್ಕೇ ಆಗಿರಬೇಕೆಂದಿಲ್ಲ. ಸಡಿಲ ಕೇಬಲ್, ಬಳಲಿದ ಪವರ್ ಸಪ್ಲೈ ಕೂಡ ಆಗಿರಬಹುದು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ‘ಸ್ಮಾರ್ಟ್’ ವರದಿ ಎನ್ನುತ್ತಾರೆ. ಅದರಲ್ಲಿ 199ನೇ ಸಾಲಿನ ಅಂಕಿ ಏರುತ್ತಿದ್ದರೆ ಮೊದಲು ಕೇಬಲ್ ನೋಡಿ. 5ನೇ ಸಾಲು ಕೆಟ್ಟು ಬದಲಾಯಿಸಲ್ಪಟ್ಟ ಸೆಕ್ಟರ್‌ಗಳನ್ನೂ 197ನೇ ಸಾಲು ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳನ್ನೂ ಹೇಳುತ್ತದೆ. ಇವು ಏರುತ್ತಿದ್ದರೆ ಹೊಸ ಡಿಸ್ಕ್‌ಗೆ ದುಡ್ಡು ಹೊಂದಿಸಿ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್‌ನ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಲ್ಮೈ ತಪಾಸಣೆಯಲ್ಲಿ ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ 60 ದಿನದೊಳಗೆ ಕೈಕೊಡುವ ಸಂಭವ ದೋಷವಿಲ್ಲದ್ದಕ್ಕಿಂತ 39 ಪಟ್ಟು. ಅದೇ ಅಧ್ಯಯನದಲ್ಲಿ ಕೆಟ್ಟ ಡಿಸ್ಕ್‌ಗಳ ಪೈಕಿ ಶೇ 56ಕ್ಕೂ ಹೆಚ್ಚಿನವು ಪ್ರಮುಖ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ವರದಿ ಕೆಟ್ಟದ್ದು ಹೇಳಿದರೆ ನಂಬಿ. ಒಳ್ಳೆಯದು ಹೇಳಿದರೆ ಅರ್ಧ ನಂಬಿ.

ಕೆಂಪು ಗುರುತು ಬಿದ್ದ ಮೇಲೂ ಆ ಡಿಸ್ಕ್‌ನ ಕಡತಗಳು ತೆರೆಯುತ್ತವೆ. ಉಳಿದ ಮುಷ್ಟಿಗಳನ್ನು ಎಣಿಸಿ ವ್ಯವಸ್ಥೆ ಅದನ್ನು ಅಲ್ಲಲ್ಲೇ ಹುಟ್ಟಿಸುತ್ತಿರುತ್ತದೆ. ಈ ಹಂತದಲ್ಲೇ ಒಂದು ಘೋರ ತಪ್ಪು ಆಗುವುದುಂಟು. ಕೆಲವೊಮ್ಮೆ ಕಡತ ವ್ಯವಸ್ಥೆಗೂ ಪೆಟ್ಟುಬಿದ್ದು, ಡಿಸ್ಕನ್ನು ತೆರೆಯಲಾಗುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಅದೇ ಪುಟದಲ್ಲಿ ‘ಫಾರ್ಮ್ಯಾಟ್’ ಗುಂಡಿಯೂ ಇರುತ್ತದೆ. ಹೊಸ ಡಿಸ್ಕ್ ಹಾಕಿದ್ದೇವಲ್ಲ, ಫಾರ್ಮ್ಯಾಟ್ ಮಾಡಬೇಕೇನೋ ಎಂದು ಒತ್ತಿದರೆ, ಲೆಕ್ಕದೊಳಗೆ ಜೀವಂತವಿದ್ದ ಡಿಸ್ಕೇ ಅಳಿಸಿಹೋಗುತ್ತದೆ. ಕಾವಲುಗಾರ ಅದನ್ನೂ ನಿಷ್ಠೆಯಿಂದ ಎಣಿಸಿಕೊಳ್ಳುತ್ತಾನೆ. ಆಮೇಲೆ ಎಷ್ಟೇ ಚೆನ್ನಾಗಿ ಮರುಕಟ್ಟಿದರೂ ಸಿಗುವುದು ಖಾಲಿ ಡಿಸ್ಕ್. ಮರುಕಟ್ಟುವ ಕೆಲಸದಲ್ಲಿ ಫಾರ್ಮ್ಯಾಟ್‌ಗೆ ಎಲ್ಲೂ ಜಾಗವಿಲ್ಲ. ಕಡತ ವ್ಯವಸ್ಥೆ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡುವ ಸಾಧನ ಬೇರೆಯಿದೆ.

ಎಲ್ಲ ಡಿಸ್ಕ್‌ಗಳೂ ನಡೆಯುತ್ತಿರುವಾಗ ಮಾಡುವ ಬದಲಾವಣೆಗೆ ಮುನ್ನ ಒಮ್ಮೆ ಪ್ಯಾರಿಟಿ ತಪಾಸಣೆ ನಡೆಸಿ ದೋಷ ಸೊನ್ನೆ ಬಂದಿದೆಯೇ ನೋಡಬೇಕು. ತಪ್ಪು ಲೆಕ್ಕದಿಂದ ಕಟ್ಟಿದ ಡಿಸ್ಕ್ ತಪ್ಪಾಗಿಯೇ ಇರುತ್ತದೆ. ಯಾವುದೋ ಡಿಸ್ಕ್ ಮೇಲೆ ಈಗಾಗಲೇ ಅನುಮಾನವಿದ್ದರೆ ‘ತಿದ್ದುವ’ ಆಯ್ಕೆ ತೆಗೆದು ಬರೀ ನೋಡುವ ತಪಾಸಣೆ ಮಾಡಿ. ಇಲ್ಲವಾದರೆ ಕೆಡುತ್ತಿರುವ ಡಿಸ್ಕ್‌ನ ಸುಳ್ಳಿಗೆ ತಕ್ಕಂತೆ ಸರಿಯಾದ ಲೆಕ್ಕವೇ ತಿದ್ದಿಹೋದೀತು. ಅನ್‌ರೇಡ್‌ನ ಸಂರಚನೆ ಇರುವ ಪೆನ್‌ಡ್ರೈವ್‌ನ ಒಂದು ಪ್ರತಿ ತೆಗೆದಿಡಿ. ಪ್ರತಿ ಡಿಸ್ಕ್‌ಗೆ ಅದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದ ಚೀಟಿ ಅಂಟಿಸಿ, ಡಬ್ಬದ ಒಳಗನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಕೆಟ್ಟ ಡಿಸ್ಕ್ ಎಂದುಕೊಂಡು ಒಳ್ಳೆಯದನ್ನು ಎಳೆಯುವುದು ಯಾರಿಂದಲೂ ಆಗಬಹುದಾದ ತಪ್ಪು.

ರಿಚಿ ಸ್ಟ್ರೀಟಿನಿಂದ ಅಟ್ಟದವರೆಗೆ

ಚೆನ್ನೈನಲ್ಲಿ ಕಂಪ್ಯೂಟರ್ ಸಾಮಾನು ಎಂದರೆ ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟ್. ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಬಿಲ್ಲು ಇರಲಿ. ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಭಾರತದಲ್ಲಿ ವಾರಂಟಿ ಇದೆಯೇ ನೋಡಿ. ವರ್ಷಗಟ್ಟಲೆ ದುಡಿದ ಡಿಸ್ಕ್‌ಗಳ ಗಂಟೆ ಲೆಕ್ಕ ಅಳಿಸಿ ಹೊಸದೆಂದು ಮಾರುತ್ತಿದ್ದ ಪ್ರಕರಣಗಳನ್ನು 2025ರ ಆರಂಭದಲ್ಲಿ ಜರ್ಮನಿಯ ಹೈಸೆ ಸುದ್ದಿಸಂಸ್ಥೆ ಬಯಲಿಗೆಳೆದಿತ್ತು. ಹಾಗಾಗಿ ಹೊಸ ಡಿಸ್ಕನ್ನು ನೇರವಾಗಿ ಕೆಲಸಕ್ಕೆ ಹಚ್ಚಬೇಡಿ. ಮೊದಲು ಪೂರ್ತಿ ಬರೆದು ಪೂರ್ತಿ ಓದಿಸಿ, ಸ್ಮಾರ್ಟ್ ವರದಿಯನ್ನು ಹೋಲಿಸಿ ನೋಡಿ. ಎರಡು ಮೂರು ದಿನ ಹಿಡಿಯಬಹುದು. ಹುಟ್ಟಾ ದೋಷವಿದ್ದರೆ ಅದು ಅಂಗಡಿಗೆ ವಾಪಸು ಕೊಡುವ ಅವಧಿಯೊಳಗೇ ತಿಳಿಯಲಿ.

ಡಿಸ್ಕ್‌ನ ಜಾತಿಯನ್ನೂ ಕೇಳಿ. ‘ಎಸ್‌ಎಂಆರ್’ ಬಗೆಯ ಡಿಸ್ಕ್‌ನಲ್ಲಿ ಬರಹದ ಪಟ್ಟಿಗಳು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಅದರಿಂದ ಜಾಗ ಉಳಿಯುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲಿನವನ್ನೂ ಎತ್ತಿ ಮತ್ತೆ ಹೊದಿಸಬೇಕಲ್ಲ, ಇಲ್ಲೂ ಹಾಗೆ. ಮರುಕಟ್ಟುವಂಥ ದೀರ್ಘ ಕೆಲಸದಲ್ಲಿ ಇವು ಏದುಸಿರು ಬಿಡುತ್ತವೆ. ಮನೆ ಸರ್ವರ್‌ಗೆಂದೇ ಮಾರುತ್ತಿದ್ದ ರೆಡ್ ಸರಣಿಯ 2ರಿಂದ 6 ಟೆರಾಬೈಟಿನ ಕೆಲವು ಡಿಸ್ಕ್‌ಗಳು ಈ ಬಗೆಯವು ಎಂದು ವೆಸ್ಟರ್ನ್ ಡಿಜಿಟಲ್ ಕಂಪನಿ 2020ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡ ಮೇಲೆ ಗ್ರಾಹಕರು ಗಲಾಟೆ ಎಬ್ಬಿಸಿದ್ದರು. ಪ್ಯಾರಿಟಿಯ ಜಾಗಕ್ಕಂತೂ ಪಟ್ಟಿಗಳು ಒಂದರ ಮೇಲೊಂದು ಕೂರದ ‘ಸಿಎಂಆರ್’ ಬಗೆಯದೇ ಲೇಸು. ಯಾವ ಡಿಸ್ಕ್‌ಗೆ ಬರೆದರೂ ಅಲ್ಲಿಯೂ ಬರೆಯಬೇಕಾಗುತ್ತದೆ.

ಇನ್ನು ನಮ್ಮ ಊರಿನ ಹವೆ. ಮರುಕಟ್ಟುವಾಗ ಎಲ್ಲ ಡಿಸ್ಕ್‌ಗಳೂ ಒಂದು ದಿನ ಪೂರ್ತಿ ಬಿಡುವಿಲ್ಲದೆ ಓಡುತ್ತವೆ. ಅಟ್ಟದಲ್ಲಿ ಗಾಳಿಯಾಡುವುದಿಲ್ಲ. ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಜಾಣತನ. ಹಾಕಲೇಬೇಕೆಂದಾದರೆ ಡಬ್ಬವನ್ನು ಕೆಳಗಿಳಿಸಿ, ಎದುರಿಗೆ ಟೇಬಲ್ ಫ್ಯಾನ್ ಇಡಿ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಇನ್ನೊಂದು ತೊಡಕು. ರಸ್ತೆಯಲ್ಲಿ ನೀರು ನಿಂತರೆ ಮುನ್ನೆಚ್ಚರಿಕೆಗೆಂದು ವಿದ್ಯುತ್ ಮಂಡಳಿಯವರು (ಇ.ಬಿ.) ಕರೆಂಟ್ ತೆಗೆಯುತ್ತಾರೆ. ಅರ್ಧದಲ್ಲಿ ನಿಂತ ಕೆಲಸವನ್ನು ಬಹುಪಾಲು ಮೊದಲಿನಿಂದ ಮಾಡಬೇಕಾಗುತ್ತದೆ. ಯುಪಿಎಸ್ ಇಡೀ ದಿನ ಎಳೆಯಲಾರದು. ಸರ್ವರ್ ತಾನೇ ಕ್ರಮವಾಗಿ ಮುಚ್ಚಿಕೊಳ್ಳಲು ಬೇಕಾದ ಹತ್ತು ನಿಮಿಷವನ್ನು ಅದು ಕೊಟ್ಟರೆ ಸಾಕು.

ಕಾವಲುಗಾರನಿಗೆ ಗೊತ್ತಿಲ್ಲದ್ದು

‘ಇಷ್ಟೆಲ್ಲ ಕಾವಲು ಇರುವಾಗ ಬ್ಯಾಕಪ್ ಬೇರೆ ಯಾತಕ್ಕಪ್ಪಾ?’ ಎಂದು ಮೇಲಿನ ಮನೆಯ ಮಾಮ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಮತ್ತೆ ಹುಣಸೆ ಬೀಜಕ್ಕೇ ಹೋಗಬೇಕು. ಕಾವಲುಗಾರನಿಗೆ ಗೊತ್ತಿರುವುದು ಎಣಿಕೆ ಮಾತ್ರ. ಬೀಜಗಳು ಸೇರಿ ಅಜ್ಜನ ಮುಖವಾಗಿವೆಯೋ ಮನೆಪತ್ರವಾಗಿವೆಯೋ ಅವನಿಗೆ ತಿಳಿಯದು. ಮೊಮ್ಮಗ ಆಡುತ್ತ ಫೋಟೊ ಫೋಲ್ಡರ್ ಅಳಿಸಿದರೆ ಆ ಕ್ಷಣವೇ ಲೆಕ್ಕವನ್ನೂ ತಿದ್ದಿಕೊಳ್ಳುತ್ತಾನೆ. ವೈರಸ್ ಬಂದು ಎಲ್ಲವನ್ನೂ ಬೀಗ ಹಾಕಿದರೆ ಬೀಗದ ಸಮೇತ ಕಾಯುತ್ತಾನೆ. ಸಿಡಿಲು ಹೊಡೆದರೆ, ಕಳ್ಳ ಡಬ್ಬವನ್ನೇ ಎತ್ತಿಕೊಂಡು ಹೋದರೆ, 2015ರಂಥ ನೀರು ಇನ್ನೂ ನಾಲ್ಕಡಿ ಮೇಲೆ ಬಂದರೆ, ಮೂವರು ಮಕ್ಕಳ ಜೊತೆಗೆ ಅವನೂ ಹೋಗುತ್ತಾನೆ.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ ಬ್ಯಾಕಪ್ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಜಾಗದಲ್ಲಿ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ, ಮಾಡುವವರು ಕಡಿಮೆ; ಇನ್ನೊಂದು ಡಿಸ್ಕ್‌ಗೆ ದುಡ್ಡೆಲ್ಲಿ ಎಂಬುದು ಅಡ್ಡ ಬರುತ್ತದೆ.

ಡಿಸ್ಕ್ ಬದಲಿಸುವ ದಿನವೇ ಇದಕ್ಕೆ ದಾರಿ ತೆರೆಯುತ್ತದೆ. ತುಂಬಿತೆಂದು ತೆಗೆದ ಆ 4 ಟೆರಾಬೈಟ್ ಡಿಸ್ಕ್ ಸತ್ತದ್ದಲ್ಲ. ಅನ್‌ರೇಡ್‌ನಂಥ ವ್ಯವಸ್ಥೆಯಲ್ಲಿ ಪ್ರತಿ ಡೇಟಾ ಡಿಸ್ಕ್ ತನ್ನಷ್ಟಕ್ಕೆ ಪೂರ್ಣ. ಲಿನಕ್ಸ್ ಇರುವ ಯಾವುದೇ ಕಂಪ್ಯೂಟರಿಗೆ ಜೋಡಿಸಿದರೂ ಕಡತಗಳು ತೆರೆಯುತ್ತವೆ. ಮರುಕಟ್ಟುವ ಕೆಲಸ ಮುಗಿದು, ಹೊಸ ತಪಾಸಣೆಯಲ್ಲಿ ದೋಷ ಸೊನ್ನೆ ಬರುವವರೆಗೆ ಅದನ್ನು ಮುಟ್ಟದೆ ಇಡುವುದು ಹೇಗೂ ನಿಯಮ. ಆಮೇಲೆ ಅದನ್ನು ಅಳಿಸಿ ಮಾರುವ ಯೋಚನೆ ಬಿಡಿ. ಮುಖ್ಯವಾದದ್ದೆಲ್ಲ ಅದರಲ್ಲಿದೆಯೇ ನೋಡಿ, ಬೇಡದ್ದನ್ನು ತೆಗೆದು ಇಲ್ಲದ್ದನ್ನು ಸೇರಿಸಿ, ತಾರೀಕು ಬರೆದ ಚೀಟಿ ಅಂಟಿಸಿ.

ನಮ್ಮದು ಹಳೆಯ ಟವೆಲ್‌ನಲ್ಲಿ ಸುತ್ತಿಸಿಕೊಂಡು, ಉಪ್ಪಿನಕಾಯಿ ಜಾಡಿಯಿಂದ ದೂರವಾಗಿ ಬೇರೆ ಚೀಲದಲ್ಲಿ ಕೂತು, ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಮೈಸೂರಿನ ಅಕ್ಕನ ಮನೆಗೆ ಹೋಯಿತು. ಅಕ್ಕ ಅದನ್ನು ಎಲ್ಲಿಟ್ಟಿದ್ದಾಳೆಂದು ಫೋನಿನಲ್ಲಿ ಕೇಳಿದೆ. ‘ಅಟ್ಟದ ಮೇಲೆ’ ಎಂದಳು.